ಓಬಮ್ಮ ರಜೆ ಹಾಕಿದ ದಿನಗಳು

ನನಗೆ ಕೋಪ ಬೇಗ ಬರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಮ್ಮ ಕಾಲೇಜಿನವರು ಯಾರಾದರೂ ಹೇಳಿಯೇ ಹೇಳುತ್ತಾರೆ. ಹೆಸರು ತನುಜಾ. ತರೀಕೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ, ದಿನಾ ಅಜ್ಜಂಪುರದಿಂದ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಪಾಠದ ಜೊತೆಗೆ ಪಿಎಚ್.ಡಿ. ಬೇರೆ, ಅದಕ್ಕೆ ನಾಲ್ಕು ವರ್ಷವಾಯಿತು. ನನ್ನ ವಿಷಯ ಸತುವಿನ ಆಕ್ಸೈಡ್. ತುರಿಕೆಯ ಮುಲಾಮಿಗೆ ಹಾಕುತ್ತಾರಲ್ಲ, ಅದೇ ಬಿಳಿ ಪುಡಿ. ಅದರ ಕಣಗಳು ಕೂದಲೆಳೆಗಿಂತ ಸಾವಿರಾರು ಪಟ್ಟು ಸಣ್ಣಗಿರುವಂತೆ ಸುಟ್ಟು ತಯಾರಿಸುವುದು ನನ್ನ ಕೆಲಸ.

ಸುಡುವುದು ಎಂದರೆ ನಿಜವಾಗಿಯೂ ಸುಡುವುದೇ. ಸತುವಿನ ನೈಟ್ರೇಟಿಗೆ ಯೂರಿಯಾ ಬೆರೆಸಿ, ನೀರು ಹಾಕಿ ಕಲಸಿ, ಬಟ್ಟಲನ್ನು ಐನೂರು ಡಿಗ್ರಿಯ ಕುಲುಮೆಯೊಳಗೆ ಇಡಬೇಕು. ಹೊಲಕ್ಕೆ ಎರಚುತ್ತಾರಲ್ಲ, ಆ ಜಾತಿಯ ಯೂರಿಯಾವೇ, ಇನ್ನಷ್ಟು ಶುದ್ಧ ಅಷ್ಟೇ. ಮೊದಲು ಕುದಿಯುತ್ತದೆ, ಆಮೇಲೆ ನೊರೆ ಉಕ್ಕುತ್ತದೆ, ಹೊಗೆ ಏಳುತ್ತದೆ, ಇದ್ದಕ್ಕಿದ್ದಂತೆ ಒಳಗೆಲ್ಲ ಬೆಂಕಿ. ಹತ್ತು ಸೆಕೆಂಡಿನಲ್ಲಿ ಎಲ್ಲ ಮುಗಿದು ಬಟ್ಟಲ ತುಂಬ ಅರಳಿದ ಹತ್ತಿಯಂಥ ಪುಡಿ ಉಳಿಯುತ್ತದೆ. ಇದನ್ನು ನೂರು ಸಲ ನೋಡಿದ್ದೇನೆ, ಆದರೂ ಬೆಂಕಿ ಹತ್ತುವ ಕ್ಷಣಕ್ಕೆ ಉಸಿರು ಹಿಡಿದೇ ನಿಲ್ಲುತ್ತೇನೆ.

ಈ ಪುಡಿಗೂ ಆಯಸ್ಕಾಂತಕ್ಕೂ ಸಂಬಂಧವಿಲ್ಲ, ಇರಬಾರದು. ಆದರೆ ನನ್ನ ಪುಡಿಗಳಲ್ಲಿ ಸಂಬಂಧ ಇತ್ತು. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಆಯಸ್ಕಾಂತದ ಗುಣ ಅಳೆಯುವ ಯಂತ್ರ ನೋಡಿಕೊಳ್ಳುವ ಯೋಗಾನಂದ ಎಂಬವರಿದ್ದಾರೆ, ಕಡೂರಿನವರು. ಅವರಿಗೆ ನಾನು ಎರಡು ವರ್ಷದಲ್ಲಿ ಹದಿನಾಲ್ಕು ಪುಡಿ ಕಳಿಸಿದ್ದೆ. ಒಂಬತ್ತು ಆಯಸ್ಕಾಂತವಾಗಿದ್ದವು, ಐದು ಆಗಿರಲಿಲ್ಲ. ಮಕ್ಕಳು ಆಡುವ ಆಯಸ್ಕಾಂತ ಹಿಡಿದರೆ ಜಗ್ಗುವಷ್ಟಲ್ಲ, ಯಂತ್ರಕ್ಕೆ ಮಾತ್ರ ಕಾಣುವಷ್ಟು. ಆದರೂ ಇತ್ತು.

ಇದು ಹೇಗೆ ಎನ್ನುವುದಕ್ಕೆ ಒಂದು ವಾದವಿದೆ. ಪುಡಿಯೊಳಗೆ ಸತು ಮತ್ತು ಆಕ್ಸಿಜನ್ ಪರಮಾಣುಗಳು ಬಸ್ಸಿನಲ್ಲಿ ಸೀಟು ಹಿಡಿದವರ ಹಾಗೆ ಸಾಲಾಗಿ ಕೂತಿರುತ್ತವೆ. ಸುಡುವಾಗ ಕೆಲವು ಆಕ್ಸಿಜನ್‌ಗಳು ಎದ್ದು ಹೋಗುತ್ತವೆ. ಹೋಗುವಾಗ ಎರಡು ಎಲೆಕ್ಟ್ರಾನುಗಳನ್ನು, ಸೀಟಿನ ಮೇಲೆ ಟವಲ್ ಬಿಟ್ಟು ಹೋದಂತೆ, ಅಲ್ಲೇ ಬಿಡುತ್ತವೆ. ಇಂಥ ಖಾಲಿ ಸೀಟುಗಳು ಸಾಕಷ್ಟಾದಾಗ ಅಲ್ಲಿ ಉಳಿದ ಎಲೆಕ್ಟ್ರಾನುಗಳು ಒಂದೇ ದಿಕ್ಕಿಗೆ ತಿರುಗಿ ನಿಲ್ಲುತ್ತವೆ, ಪುಡಿ ಆಯಸ್ಕಾಂತವಾಗುತ್ತದೆ. ಕಬ್ಬಿಣವಿಲ್ಲ, ನಿಕ್ಕಲ್ ಇಲ್ಲ, ಬರೀ ಖಾಲಿ ಜಾಗದಿಂದ ಹುಟ್ಟುವ ಆಯಸ್ಕಾಂತ. ಇದನ್ನು ಹೇಳುವಾಗ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಇದನ್ನು ನಂಬದವರೂ ಬೇಕಾದಷ್ಟು ಜನ ಇದ್ದಾರೆ. ಅವರ ಪ್ರಕಾರ ಇದೆಲ್ಲ ಎಲ್ಲಿಂದಲೋ ಬಂದು ಸೇರಿದ ಕಬ್ಬಿಣದ ಕೊಳೆ.

ನನ್ನ ಲೇಖನವನ್ನು ಪತ್ರಿಕೆಯವರು ತಜ್ಞರೊಬ್ಬರಿಗೆ ಕಳಿಸಿದ್ದರು. ಆ ಮಹಾನುಭಾವ ನಂಬದವರ ಪೈಕಿ. ಒಂದೇ ಒಂದು ಪ್ರಶ್ನೆ ಬರೆದಿದ್ದರು: ಹದಿನಾಲ್ಕರಲ್ಲಿ ಐದು ಯಾಕೆ ಬೇರೆ, ಉಳಿದ ಒಂಬತ್ತಕ್ಕೆ ಕಬ್ಬಿಣ ಸೇರಿಲ್ಲ ಎಂದು ಹೇಗೆ ಹೇಳುತ್ತೀರಿ? ಮೂವತ್ತು ದಿನದಲ್ಲಿ ಉತ್ತರ ಬೇಕು, ಇಲ್ಲದಿದ್ದರೆ ಲೇಖನ ವಾಪಸ್. ಲೇಖನ ವಾಪಸ್ ಬಂದರೆ ನನ್ನ ಪಿಎಚ್.ಡಿ.ಯ ಕಥೆಯೂ ಅಷ್ಟೇ.

ನಾನು ನೋಟ್‌ಬುಕ್ ತೆಗೆದು ಆ ಐದು ಪುಡಿಗಳ ತಾರೀಕು ಬರೆದುಕೊಂಡೆ. ಯೂರಿಯಾ ಅದೇ, ತೂಕ ಅದೇ, ಬಟ್ಟಲು ಅದೇ. ಏನೂ ಹೊಳೆಯದೆ, ಕೊನೆಗೆ ಆಫೀಸಿನಿಂದ ಹಾಜರಿ ಪುಸ್ತಕ ತರಿಸಿ ಆ ದಿನಗಳಲ್ಲಿ ಲ್ಯಾಬಿನಲ್ಲಿ ಯಾರಿದ್ದರು ಎಂದು ನೋಡಿದೆ. ಐದೂ ದಿನ ಓಬಮ್ಮ ರಜೆ. ಉಳಿದ ಒಂಬತ್ತೂ ದಿನ ಓಬಮ್ಮ ಹಾಜರ್.

ಓಬಮ್ಮ ನಮ್ಮ ಲ್ಯಾಬಿನ ಅಟೆಂಡರ್. ಅಮೃತಾಪುರದಿಂದ ಬರುತ್ತಾಳೆ, ಐವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಬೆಂಕಿ ಹತ್ತಿದ ಬೆನ್ನಿಗೇ ಸಾಧಾರಣವಾಗಿ ಬೆಲ್ಲು ಹೊಡೆಯುತ್ತದೆ, ನಾನು ತರಗತಿಗೆ ಓಡುತ್ತೇನೆ, ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ಹೊರಗೆ ತೆಗೆದಿಡುವವಳು ಓಬಮ್ಮ. ಹಾಜರಿ ಪುಸ್ತಕ ಕೈಯಲ್ಲಿ ಹಿಡಿದೇ ನಾನು ಲ್ಯಾಬಿಗೆ ನುಗ್ಗಿದೆ. ಅವತ್ತು ಶುಕ್ರವಾರ. ಕುಲುಮೆ ಇಟ್ಟ ಇಟ್ಟಿಗೆ ಕಟ್ಟೆಯ ಅಂಚಿಗೆ ಹಸಿಹಸಿಯಾಗಿ ಕೆಮ್ಮಣ್ಣಿನ ಪಟ್ಟಿ, ಮನೆಯ ಒಲೆಗೆ ಬಳಿಯುತ್ತಾರಲ್ಲ ಹಾಗೆ.

ಕೆಮ್ಮಣ್ಣು ಎಂದರೆ ಕಬ್ಬಿಣ. ಅದರ ಕೆಂಪೇ ಕಬ್ಬಿಣದ್ದು. ಯೂರಿಯಾದ ಬೆಂಕಿಗೆ ಅದರ ಒಂದು ಚಿಟಿಕೆಯ ನೂರನೇ ಪಾಲು ಬಿದ್ದರೂ ಒಳ್ಳೆಯ ಆಯಸ್ಕಾಂತವಾಗಿಬಿಡುತ್ತದೆ, ಒಂಬತ್ತು ಪುಡಿಗೂ ಸಾಕಾಗುತ್ತದೆ. ಇದನ್ನು ಬಳಿದ ಕೈಯೇ ಬಟ್ಟಲನ್ನೂ ಮುಟ್ಟಿರಬೇಕು ಎಂದುಕೊಂಡೆ. ಲ್ಯಾಬಿನಲ್ಲಿ ಎರಡನೇ ಬಿ.ಎಸ್ಸಿ.ಯ ಇಪ್ಪತ್ತನಾಲ್ಕು ಮಕ್ಕಳು ಪ್ರಾಕ್ಟಿಕಲ್ ಮಾಡುತ್ತಿದ್ದರು.

"ಈ ಕೆಮ್ಮಣ್ಣು ಯಾರು ಬಳಿದಿದ್ದು?" ಎಂದು ಕೇಳಿದೆ.

"ನಾನೇ ಕಣ್ರೀ ಮೇಡಂ," ಎಂದಳು ಓಬಮ್ಮ. "ಶುಕ್ರವಾರ ಅಲ್ವಾ, ಒಲೆ ಬೋಳುಬೋಳಾಗಿ ಕಾಣ್ತಿತ್ತು. ವಾರ ವಾರಾನೂ ಬಳೀತೀನಿ."

"ನನ್ನ ನಾಲ್ಕು ವರ್ಷದ ಕೆಲಸಾನ ಮುಟ್ಟಿ ಕೆಡಿಸಿಬಿಟ್ಟೆ. ಇನ್ಮೇಲೆ ಇಲ್ಲಿ ಏನನ್ನೂ ಮುಟ್ಟಬೇಡ ನೀನು."

ಬಾಯಿಂದ ಬಿದ್ದ ಮೇಲೆ ಅದು ಎಂಥ ಮಾತು ಎಂದು ನನ್ನ ಕಿವಿಗೂ ಕೇಳಿಸಿತು. ನಮ್ಮ ಊರುಗಳಲ್ಲಿ ಈ ಮಾತನ್ನು ಯಾವ ಕೇರಿಯವರು ಯಾವ ಕೇರಿಯವರಿಗೆ ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ, ನಾನು ಯಾವ ಕೇರಿಯವಳು, ಓಬಮ್ಮ ಯಾವ ಕೇರಿಯವಳು, ಇದೆಲ್ಲ ಅಲ್ಲಿದ್ದ ಇಪ್ಪತ್ತನಾಲ್ಕು ಮಕ್ಕಳಿಗೂ ಗೊತ್ತಿತ್ತು. ಅವರಲ್ಲಿ ಧನುಶ್ರೀಯೂ ಇದ್ದಳು, ಓಬಮ್ಮನ ಮಗಳು. ಇಡೀ ತರಗತಿಯಲ್ಲಿ ನನಗೆ ಬೆವರಿಳಿಸುವ ಪ್ರಶ್ನೆ ಕೇಳುವವಳು ಅವಳೊಬ್ಬಳೇ. ಓಬಮ್ಮ ಇಕ್ಕಳವನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು. ಸಂಜೆಯೊಳಗೆ ಪ್ರಿನ್ಸಿಪಾಲರಾದ ವಿಶ್ವಾರಾಧ್ಯ ಸಾಹೇಬರು ಅವಳನ್ನು ಲೈಬ್ರರಿಗೆ ಹಾಕಿದರು, ಆಡಳಿತ ಮಂಡಳಿ ವಿಚಾರಿಸುವ ತನಕ. ಧನುಶ್ರೀ ಮರುವಾರದಿಂದ ಕೊನೆಯ ಬೆಂಚಿಗೆ ಹೋಗಿ ಕೂತಳು, ಏನನ್ನೂ ಕೇಳಲಿಲ್ಲ.

ನಾನು ಆಗಲೇ ಹೋಗಿ ತಪ್ಪಾಯಿತು ಎನ್ನಬಹುದಿತ್ತು. ಎನ್ನಲಿಲ್ಲ. ನನ್ನ ಕೈಯಲ್ಲಿ ಹಾಜರಿ ಪುಸ್ತಕವಿತ್ತು, ಕಣ್ಣೆದುರು ಕೆಮ್ಮಣ್ಣಿತ್ತು. ಕೋಪಿಷ್ಠರಿಗೆ ಸಾಕ್ಷಿಯೂ ಸಿಕ್ಕಿಬಿಟ್ಟರೆ ಕೇಳಬೇಕೇ. ಮಾತು ಒರಟಾಯಿತು, ಆದರೆ ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಲೆಕ್ಕ ಸರಳವಾಗಿತ್ತು. ಕಬ್ಬಿಣ ಸೇರಿದ್ದರೆ ನನ್ನ ನಾಲ್ಕು ವರ್ಷ ಮಣ್ಣುಪಾಲು, ತಪ್ಪು ಓಬಮ್ಮನದು. ಸೇರಿರದಿದ್ದರೆ ನನ್ನ ಪುಡಿ ಗೆದ್ದಂತೆ, ತಪ್ಪು ನನ್ನದು.

ಕಟ್ಟೆ ಉಜ್ಜಿ ತೊಳೆದೆ. ಹೊಸ ಬಟ್ಟಲು, ಹೊಸ ಪ್ಲಾಸ್ಟಿಕ್ ಚಮಚ, ಕೈಗೆ ಗ್ಲೌಸು. ನಾಲ್ಕು ಪುಡಿ ಸುಟ್ಟೆ. ಪ್ರತಿ ಸಲವೂ ಬಟ್ಟಲನ್ನು ಕುಲುಮೆಯಲ್ಲೇ ಬಿಟ್ಟು, ಪಾಠ ಮುಗಿಸಿ ಬಂದು ನಾನೇ ತೆಗೆದೆ, ಯಾರಿಗೂ ಕೈ ಹಚ್ಚಲು ಬಿಡಲಿಲ್ಲ. ಬೆಂಗಳೂರಿಗೆ ಕಳಿಸಿ ಐದು ದಿನಕ್ಕೆ ಯೋಗಾನಂದರ ಫೋನು ಬಂತು.

"ನಾಲ್ಕೂ ಸತ್ತು ಮಲಗಿದಾವೆ ಮೇಡಂ," ಎಂದರು. "ಆಯಸ್ಕಾಂತದ ಸುಳಿವೇ ಇಲ್ಲ."

ಓಬಮ್ಮ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಕೊಳೆಯೇ ಸೈ ಎಂದುಕೊಂಡು ಲೇಖನ ಹಿಂದಕ್ಕೆ ಪಡೆಯುವ ಪತ್ರ ಬರೆಯಲು ಕೂತೆ. ಆದರೆ ಸುಮ್ಮನೆ ಕಬ್ಬಿಣ ಎಂದು ಬರೆದರೆ ಆಗುತ್ತದೆಯೇ, ಎಷ್ಟು ಕಬ್ಬಿಣ ಎಂದು ಬರೆಯಬೇಡವೇ? ಹಳೆಯ ಒಂಬತ್ತು ಪುಡಿಗಳಲ್ಲೂ ಹೊಸ ನಾಲ್ಕರಲ್ಲೂ ಕಬ್ಬಿಣ ಎಷ್ಟಿದೆ ಎಂದು ಅಳೆಸಿಕೊಡಿ ಅಂತ ಯೋಗಾನಂದರನ್ನು ಕೇಳಿಕೊಂಡೆ.

ಅವರ ಫೋನು ಬಂದಾಗ ನಾನು ಕಾಲೇಜಿಗೆ ಹೊರಟ ಬಸ್ಸಿನಲ್ಲಿ ಕೂತಿದ್ದೆ, ಅಜ್ಜಂಪುರದ ಈರುಳ್ಳಿ ಮೂಟೆಗಳ ನಡುವೆ ಕಾಲಿಡಲು ಜಾಗ ಹುಡುಕಿಕೊಂಡು.

"ಕಬ್ಬಿಣ ಇಲ್ಲ ಮೇಡಂ," ಎಂದರು.

"ಇಲ್ಲ ಅಂದ್ರೆ?"

"ಇರಬೇಕಾದಷ್ಟು ಇಲ್ಲ. ಹಳೇವು ಒಂಬತ್ತರಲ್ಲೂ ಹೊಸವು ನಾಲ್ಕರಲ್ಲೂ ಒಂದೇ ಅಷ್ಟು, ಲೆಕ್ಕಕ್ಕೇ ಬಾರದಷ್ಟು. ಅಷ್ಟೂ ಕಬ್ಬಿಣ ಆಯಸ್ಕಾಂತ ಆಗಿದ್ರೂ ನಿಮ್ಮ ಪುಡಿ ತೋರಿಸಿದ್ದರ ಇಪ್ಪತ್ತರಲ್ಲಿ ಒಂದು ಪಾಲೂ ಬರಲ್ಲ. ನಿಮ್ಮ ಪುಡಿ ಬೇರೆ ಏನೋ ಆಟ ಆಡ್ತಾ ಇದೆ."

ನಾನು ಎದ್ದು ನಿಂತುಬಿಟ್ಟೆ. ನಾನು ಇಳಿಯುವವಳು ಎಂದುಕೊಂಡು ಕಂಡಕ್ಟರ್ ಸೀಟಿ ಊದಿದ. ಬಸ್ಸು ನಿಂತಿತು, ಯಾರೂ ಇಳಿಯಲಿಲ್ಲ, ಎಲ್ಲರೂ ನನ್ನನ್ನು ನೋಡಿದರು. ನನಗೆ ಅವರ್‍ಯಾರೂ ಕಾಣಿಸುತ್ತಿರಲಿಲ್ಲ. ಕಬ್ಬಿಣವಲ್ಲ. ಆದರೂ ಓಬಮ್ಮ ಇದ್ದ ದಿನ ಮಾತ್ರ ಆಯಸ್ಕಾಂತ. ಹಾಗಾದರೆ ಓಬಮ್ಮ ಅಲ್ಲಿ ಏನು ಮಾಡುತ್ತಿದ್ದಳು?

ಬಸ್ಸಿಳಿದು ನೇರ ಲೈಬ್ರರಿಗೆ ಓಡಿದೆ. ಓಬಮ್ಮ ಕಪಾಟಿನ ಧೂಳು ಹೊಡೆಯುತ್ತಿದ್ದಳು. ಕಬ್ಬಿಣ ಸಿಗಲಿಲ್ಲವೆಂದು ಏದುಸಿರು ಬಿಡುತ್ತಲೇ ಹೇಳಿದೆ, ನೀನು ಬಟ್ಟಲು ತೆಗೆದ ಮೇಲೆ ಏನು ಮಾಡುತ್ತೀಯ ಎಂದು ಕೇಳಿದೆ.

"ಏನ್ ಮಾಡ್ತೀನಿ? ತೆಗೆದಿಡ್ತೀನಿ."

"ಹಾಗಲ್ಲ, ಒಂದೊಂದಾಗಿ ಹೇಳು."

"ನನ್ ಕೈಲಿ ಏನೂ ಮುಟ್ಬೇಡ ಅಂದಿದ್ರಲ್ಲ. ಈಗ ಕೇಳಿ ಏನ್ ಮಾಡ್ತೀರಿ?"

ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ಅವಳು ಧೂಳಿನ ಬಟ್ಟೆಯನ್ನು ಮಡಿಸಿ ಕಿಟಕಿಯ ಮೇಲಿಟ್ಟಳು. "ನಿಮಗೋಸ್ಕರ ಬರ್ತಿಲ್ಲ ಕಣ್ರೀ," ಎಂದಳು. "ನನ್ ಮ್ಯಾಲೆ ಬಂದಿರೋ ಮಾತು ನಿಜಾನಾ ಸುಳ್ಳಾ ಅಂತ ನನಗೂ ಗೊತ್ತಾಗ್ಬೇಕು."

ಲ್ಯಾಬಿನಲ್ಲಿ ಹೊಸದಾಗಿ ಕಲಸಿ ಕುಲುಮೆಗೆ ಇಟ್ಟೆ. ಈ ಸಲ ಬೆಲ್ಲು ಹೊಡೆದರೂ ತರಗತಿಗೆ ಹೋಗಲಿಲ್ಲ. ನೊರೆ ಬಂತು, ಹೊಗೆ ಬಂತು, ಬೆಂಕಿ ಎದ್ದಿತು. ಬೆಂಕಿ ಇಳಿಯುತ್ತಿದ್ದಂತೆ ಓಬಮ್ಮ ಬಾಗಿಲು ತೆರೆದು, ಇನ್ನೂ ಕೆಂಪಗೆ ಮಿನುಗುತ್ತಿದ್ದ ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ನೆಲದ ಮೇಲಿಟ್ಟಳು. ಸಿಂಕಿನ ಕೆಳಗಿನಿಂದ ಒಂದು ಮಣ್ಣಿನ ಕುಡಿಕೆ ಎಳೆದು ಅದರ ಮೇಲೆ ಬೋರಲು ಹಾಕಿದಳು. ಸುತ್ತ ಒದ್ದೆ ಬಟ್ಟೆ ಸುತ್ತಿ ಒತ್ತಿದಳು. ಆ ಕುಡಿಕೆಯನ್ನು ನಾನು ನಾಲ್ಕು ವರ್ಷದಿಂದ ನೋಡುತ್ತಿದ್ದೆ, ಕಸದ್ದೇನೋ ಅಂದುಕೊಂಡಿದ್ದೆ.

"ಇದ್ಯಾಕೆ ಮುಚ್ತೀಯ?"

"ಅದು ಹಗೂರ ಇರ್ತದಲ್ಲ. ಫ್ಯಾನ್ ಗಾಳಿಗೆ ರೂಮೆಲ್ಲಾ ಹಾರ್ತದೆ. ನಿಮಗೇನು, ಕ್ಲಾಸಿಗೆ ಹೋಗ್ಬಿಡ್ತೀರಿ, ಗುಡಿಸೋಳು ನಾನು ತಾನೇ? ತಣ್ಣಗಾದ್ಮೇಲೆ ತೆಗೆದು ಮೇಜಿನ ಮ್ಯಾಲೆ ಇಡ್ತೀನಿ."

ನಾನು ಸ್ಟೂಲು ಎಳೆದು ಕೂತು ಹಳೆಯ ಪುಟಗಳನ್ನು ತಿರುವಿದೆ. ನನ್ನ ನೋಟ್‌ಬುಕ್ಕಿನಲ್ಲಿ ಹದಿನಾಲ್ಕು ಸಲವೂ ‘ತಣ್ಣಗಾಗಲು ಬಿಡಲಾಯಿತು’ ಎಂದು ನನ್ನದೇ ಅಕ್ಷರದಲ್ಲಿತ್ತು. ಒಂದು ಸಲವೂ ನಾನು ನೋಡಿರಲಿಲ್ಲ. ಓಬಮ್ಮ ರಜೆ ಹಾಕಿದ ದಿನ ಪುಡಿ ಬಿಸಿ ಕುಲುಮೆಯಲ್ಲಿ ಗಾಳಿಗೆ ಮೈಯೊಡ್ಡಿ ಒಂದು ಗಂಟೆ ಕೂತಿರುತ್ತಿತ್ತು. ಎದ್ದು ಹೋದ ಆಕ್ಸಿಜನ್‌ಗಳ ಜಾಗಕ್ಕೆ ಗಾಳಿಯ ಆಕ್ಸಿಜನ್ ಬಂದು ಕೂತು ಸೀಟೆಲ್ಲ ಭರ್ತಿ. ಓಬಮ್ಮ ಇದ್ದ ದಿನ ಕುಡಿಕೆಯೊಳಗೆ ಹೊಸ ಗಾಳಿಯಿಲ್ಲ, ಸೀಟುಗಳು ಖಾಲಿಯಾಗಿಯೇ ತಣ್ಣಗಾಗುತ್ತಿದ್ದವು. ಖಾಲಿ ಉಳಿದದ್ದಕ್ಕೇ ಆಯಸ್ಕಾಂತ. ಇದನ್ನೆಲ್ಲ ನಾನು ಒಂದೇ ಉಸಿರಿಗೆ, ಕೈಕಾಲು ಆಡಿಸುತ್ತ, ಅವಳಿಗೆ ಹೇಳಿದೆ.

ಓಬಮ್ಮ ಕುಡಿಕೆಯ ಸುತ್ತಿನ ಒದ್ದೆ ಬಟ್ಟೆಯನ್ನು ಇನ್ನೊಮ್ಮೆ ಒತ್ತಿದಳು. "ಕೆಂಡ ಮುಚ್ಚಿ ಇದ್ಲು ಮಾಡ್ದಂಗೆ ಅನ್ನಿ," ಎಂದಳು. "ಹಂಗೇ ಬಿಟ್ರೆ ಬೂದಿ ಆಯ್ತಿತ್ತು."

ಹಾಗೆಯೇ. ನಾಲ್ಕು ವರ್ಷ ಓದಿದ ನನಗಿಂತ ಚೆನ್ನಾಗಿ ಹೇಳಿದಳು. ಆದರೆ ಇಷ್ಟಕ್ಕೇ ಕುಣಿಯುವಂತಿರಲಿಲ್ಲ, ಇದು ಇನ್ನೂ ನನ್ನ ಊಹೆ. ನನ್ನ ಕಣ್ಣನ್ನೇ ನಾನು ನಂಬುವ ಸ್ಥಿತಿಯಲ್ಲೂ ಇರಲಿಲ್ಲ. ಆದ್ದರಿಂದ ಆರು ಪುಡಿ ಸುಡುವುದು ಎಂದು ತೀರ್ಮಾನಿಸಿದೆ. ಮೂರಕ್ಕೆ ಕುಡಿಕೆ ಮುಚ್ಚುವುದು, ಮೂರನ್ನು ತೆರೆದೇ ಬಿಡುವುದು. ಯಾವುದು ಯಾವುದು ಎಂದು ಓಬಮ್ಮ ಒಬ್ಬಳಿಗೇ ಗೊತ್ತಿರಬೇಕು. ನಾನು ಕಲಸಿ ಕುಲುಮೆಗಿಟ್ಟು ಹೊರಗೆ ವರಾಂಡದಲ್ಲಿ ಕೂರುತ್ತಿದ್ದೆ, ಒಳಗೆ ಅವಳು ತನಗೆ ಬೇಕಾದದ್ದನ್ನು ಮಾಡಿ, ಒಂದರಿಂದ ಆರರವರೆಗೆ ನಂಬರ್ ಹಚ್ಚಿ ಶೀಶೆಗೆ ತುಂಬಿದಳು. ಏಳನೇ ಕ್ಲಾಸು ಓದಿದ ಅಕ್ಷರದಲ್ಲಿ ಒಂದು ಚೀಟಿ ಬರೆದು ಪರ್ಸಿನಲ್ಲಿಟ್ಟುಕೊಂಡಳು. ಆರು ಶೀಶೆಯೂ ಬೆಂಗಳೂರಿಗೆ ಹೋದವು. ಪತ್ರಿಕೆಗೆ ಉತ್ತರ ಕೊಡಲು ಒಂಬತ್ತು ದಿನ ಉಳಿದಿತ್ತು.

ಆ ದಿನಗಳಲ್ಲಿ ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ಆರನೇ ದಿನ ಮಧ್ಯಾಹ್ನ ಫೋನು ಬಂತು. ಓಬಮ್ಮನನ್ನು ಲ್ಯಾಬಿಗೆ ಕರೆಸಿ, ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟೆ.

"ಒಂದು, ಇಲ್ಲ," ಎಂದರು ಯೋಗಾನಂದ. "ಎರಡು, ಇದೆ ಮೇಡಂ. ಚೆನ್ನಾಗಿದೆ. ಮೂರು, ಇಲ್ಲ. ನಾಲ್ಕು, ಇಲ್ಲ. ಐದು, ಇದೆ."

ಆರು ಇದೆ ಎಂದರೆ ಮೂರಾಯಿತು.

"ಆರು, ಇಲ್ಲ."

ಎರಡೇ. ಮೂರು ಇರಬೇಕಾದಲ್ಲಿ ಎರಡು. ಮುಚ್ಚಿದ್ದರೂ ಒಂದು ಸತ್ತಿದೆ ಎಂದರೆ ನನ್ನ ಮಾತು ನಿಲ್ಲುವುದಿಲ್ಲ, ಆ ತಜ್ಞರು ಅದನ್ನೇ ಹಿಡಿದು ಜಗ್ಗುತ್ತಾರೆ. ಓಬಮ್ಮ ಪರ್ಸ್ ತೆಗೆದು ಚೀಟಿಯನ್ನು ನನ್ನ ಮುಂದಿಟ್ಟಳು. ಅದರಲ್ಲಿ ಎರಡು, ಐದು ಎಂದು ಮಾತ್ರ ಇತ್ತು.

"ಎರಡೇ ಮುಚ್ಚಿದ್ದು," ಎಂದಳು.

"ಮೂರು ಅಂತ ಹೇಳಿದ್ದೆನಲ್ಲ?"

"ಮೂರು ಅಂದ್ರೆ ನೀವು ಮೂರನ್ನೇ ಹುಡುಕ್ತೀರಿ. ಹೋದ ಸಾರಿ ಪುಸ್ತಕ ನೋಡಿ ನನ್ನನ್ನ ಹುಡುಕಿದ್ರಲ್ಲ, ಹಂಗೆ. ಈ ಸಾರಿ ಪುಡೀನೇ ಹೇಳ್ಲಿ ಅಂತ ಬಿಟ್ಟೆ."

ಫೋನಿನಲ್ಲಿ ಯೋಗಾನಂದ ಜೋರಾಗಿ ನಗುತ್ತಿದ್ದರು. ನಾನು ನಕ್ಕೆನೋ ಅತ್ತೆನೋ ತಿಳಿಯದು, ಎರಡೂ ಇರಬೇಕು. ಇಷ್ಟು ಗಟ್ಟಿ ಪರೀಕ್ಷೆಯನ್ನು ನಾನೇ ಯೋಚಿಸಿದ್ದರೂ ಮಾಡಲಾಗುತ್ತಿರಲಿಲ್ಲ. ಆಯಸ್ಕಾಂತ ನಿಜ, ಖಾಲಿ ಜಾಗ ನಿಜ, ನನ್ನ ನಾಲ್ಕು ವರ್ಷ ನಿಜ. ಓಬಮ್ಮನ ಎರಡೂ ಕೈ ಹಿಡಿದುಕೊಂಡು ತಪ್ಪಾಯ್ತು ಎಂದೆ, ನಿಮ್ಮಿಂದಲೇ ಇದೆಲ್ಲ ಆಯ್ತು ಎಂದೆ. ನಾನು ಅವಳನ್ನು ನೀವು ಎಂದದ್ದು ಅದೇ ಮೊದಲು.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. "ಅವತ್ತು ಅಷ್ಟು ಮಕ್ಳ ಮುಂದೆ ಆಡಿದ್ರಿ," ಎಂದಳು. "ಇವತ್ತು ನನಗೊಬ್ಳಿಗೆ ಹೇಳಿದ್ರೆ ಎಂಗೆ?"

ನ್ಯಾಯವಾದ ಮಾತು. ಅವತ್ತು ಮೂರು ಗಂಟೆಗೆ ಎರಡನೇ ಬಿ.ಎಸ್ಸಿ.ಯ ಪಾಠವಿತ್ತು. ಓಬಮ್ಮನನ್ನೂ ಕರೆದುಕೊಂಡೇ ಹೋದೆ. ಅವಳು ಬಾಗಿಲ ಬಳಿಯೇ ನಿಂತಳು. ನಾನು ಬೋರ್ಡಿನ ಮೇಲೆ ಬಸ್ಸಿನ ಸೀಟುಗಳನ್ನು ಬರೆದೆ, ಆರು ಪುಡಿಗಳ ಗ್ರಾಫಿನ ಗೆರೆ ಬರೆದೆ, ಕಬ್ಬಿಣದ ಅಂಕಿಗಳನ್ನು ಬರೆದೆ, ಕುಡಿಕೆಯ ಚಿತ್ರ ಬರೆದೆ. ಪಾಠ ಮಾಡಿದರೆ ಹೀಗೆ ಮಾಡಬೇಕು ಎಂದು ನನಗೇ ಅನ್ನಿಸುವಷ್ಟು ಹುರುಪಿನಲ್ಲಿದ್ದೆ. ಕೊನೆಗೆ ಬೋರ್ಡು ತೋರಿಸಿ ಹೇಳಿದೆ: "ನೋಡಿ, ಕಬ್ಬಿಣ ಇಲ್ಲ. ಆದ್ದರಿಂದ ಓಬಮ್ಮ ಏನನ್ನೂ ಕೆಡಿಸಿರಲಿಲ್ಲ. ಅವತ್ತು ನಾನು ಅಂದದ್ದು ತಪ್ಪು ಅಂತ ಸಾಬೀತಾಗಿದೆ. ಕ್ಷಮೆ ಕೇಳ್ತಿದ್ದೀನಿ."

ಮಕ್ಕಳು ಚಪ್ಪಾಳೆ ತಟ್ಟಿದರು. ಕೊನೆಯ ಬೆಂಚಿನಲ್ಲಿ ಧನುಶ್ರೀ ಎದ್ದು ನಿಂತಳು.

"ಮೇಡಂ, ಒಂದು ಡೌಟು."

ಮೂರು ವಾರದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಕೇಳಮ್ಮ," ಎಂದೆ.

"ಕಬ್ಬಿಣ ಸಿಕ್ಕಿದ್ದಿದ್ರೆ ಅವತ್ತು ನೀವಂದಿದ್ದು ಸರಿ ಆಗ್ತಿತ್ತಾ?"

ಚಪ್ಪಾಳೆ ನಿಂತಿತು. ನಾನು ಬೋರ್ಡಿನ ಕಡೆ ನೋಡಿದೆ. ಅಷ್ಟೊಂದು ಅಂಕಿಗಳಲ್ಲಿ ಆ ಪ್ರಶ್ನೆಗೆ ಬೇಕಾದ ಅಂಕಿ ಒಂದೂ ಇರಲಿಲ್ಲ. ಕಬ್ಬಿಣ ಸಿಕ್ಕಿದ್ದರೆ ನಾನು ಹೀಗೆ ಕ್ಷಮೆ ಕೇಳುತ್ತಲೇ ಇರಲಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಮುಖ ನೋಡಿದ ಅವಳಿಗೂ ಗೊತ್ತಾಯಿತು.

"ಇಲ್ಲ," ಎಂದೆ. "ಆಗಲೂ ತಪ್ಪೇ."

ಧನುಶ್ರೀ ಕೂರಲಿಲ್ಲ. ನಾನು ಡಸ್ಟರ್ ತೆಗೆದುಕೊಂಡು ಸೀಟುಗಳು, ಗೆರೆಗಳು, ಅಂಕಿಗಳು, ಎಲ್ಲವನ್ನೂ ಒರೆಸಿದೆ. ಆಮೇಲೆ ಬಾಗಿಲ ಕಡೆ ತಿರುಗಿ, ಪುಡಿಯ ಮಾತೆತ್ತದೆ, ಓಬಮ್ಮನವರೇ ಎಂದು ಕ್ಷಮೆಯ ಮಾತನ್ನು ಮೊದಲಿನಿಂದ ಶುರು ಮಾಡಿದೆ.